ನನ್ನ ಹೆಸರಿನ ದಪ್ಪಕ್ಷರ

ಆಗ ನನಗೆ ಅರವತ್ತೊಂದು. ಆರು ವರ್ಷದ ಹಿಂದಿನ ಮಾತು. ನನ್ನ ಗಂಡ ಸತ್ತ ಮೂರನೇ ದಿನ ಅವನ ಅಣ್ಣ, ನನ್ನ ಭಾವ, ಊರಿಗಾಂನ ಗಣಿ ಕಾರ್ಮಿಕರ ಲೈನ್‌ಮನೆಗಳ ಗೋಡೆಗಳಿಗೆಲ್ಲ ಸಾವಿನ ಪೋಸ್ಟರ್ ಅಂಟಿಸಿದ. ಕೆಳಗೆ ದುಃಖಪಡುವವರು ಎಂದು ಅವನದು, ಅವನ ಮಕ್ಕಳದು ಹೆಸರಿತ್ತು. ನನ್ನದಿರಲಿಲ್ಲ. ನನಗೆ ಓದು ಅಷ್ಟಕ್ಕಷ್ಟೇ, ಆದರೆ ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ನನ್ನ ಹೆಸರಿನ ಆಕಾರ ಗೊತ್ತು.

"ನನ್ನೆಸ್ರು ಎಲ್ಲಿ ಭಾವ?"

"ಇದ್ರೆ ನೀನೇನು ಓದ್ತಿದ್ಯಾ? ಓಗಮ್ಮ" ಎಂದು ನಕ್ಕ.

ಆಗಲೇ ರೈಲು ಹತ್ತಿ ಬಂಗಾರಪೇಟೆಯ ಪ್ರೆಸ್ಸಿಗೆ ಹೋದೆ. ಅಲ್ಲಿದ್ದ ಅಚ್ಚಕ್ಷರಗಳ ಮಾದರಿ ಹಾಳೆಯಲ್ಲಿ ಒಂದು ಬಗೆಯ ಇಂಗ್ಲಿಷ್ ಅಕ್ಷರ ಕಣ್ಣಿಗೆ ಬಿತ್ತು. ನಿಂತ ಗೆರೆ ಒನಕೆಯಷ್ಟು ದಪ್ಪ, ಅಡ್ಡಗೆರೆ ಕೂದಲೆಳೆ, ಪ್ರತಿ ಕಾಲಿಗೂ ಚಪ್ಪಟೆ ಪಾದ. ಅದನ್ನೇ ತೋರಿಸಿದೆ.

"ಅದು ಮದ್ವೆ ಪತ್ರಿಕೆಗೆ ಹಾಕೋದು ಅಜ್ಜೀ, ಸಾವಿಗಲ್ಲ" ಎಂದ ಪ್ರೆಸ್ಸಿನವನು.

"ಸತ್ತೋನು ನನ್ ಗಂಡ ಕಣಪ್ಪಾ. ಅವನೆಸ್ರು ಹಾಕು, ಕೆಳಗೆ ಹೆಂಡ್ತಿ ಅಂತ ನನ್ನೆಸ್ರು ಹಾಕು. ಬೇರೆ ಯಾರ್ದೂ ಬ್ಯಾಡ. ದೂರದಿಂದ ಕಾಣ್ಬೇಕು."

ಮಾರನೇ ಬೆಳಿಗ್ಗೆ ಮೈದಾ ಅಂಟು ಕುದಿಸಿಕೊಂಡು ಹೋಗಿ, ಭಾವನ ಪೋಸ್ಟರ್ ಇದ್ದಲ್ಲೆಲ್ಲ ಅದರ ಮೇಲೆಯೇ ನನ್ನದನ್ನು ಅಂಟಿಸಿದೆ. ಕೊನೆಯದನ್ನು ಅವನ ಮನೆಯ ಬಾಗಿಲಿಗೇ ಅಂಟಿಸಿದೆ.