ಇಪ್ಪತ್ತು ಡಿಗ್ರಿಯ ಸಾಕ್ಷಿ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಆದರೂ ಎಲ್ಲರ ಬಾಯಲ್ಲಿ ಅವನ ಹೆಸರು ಡಿಗ್ರಿ. ಲೆನ್ಸಿನ ಕೋನವನ್ನು ಒಂದು ಡಿಗ್ರಿಯೂ ತಪ್ಪಿಸದವನು ಎಂಬ ಹೊಗಳಿಕೆ ಅದರಲ್ಲಿತ್ತು. ಗೋಡೆಯ ಮೇಲಿನ ಶಿಲುಬೆ ಕೂದಲೆಳೆಯಷ್ಟು ಓರೆಯಾದರೂ ಊಟ ಬಿಟ್ಟು ಎದ್ದು ನೆಟ್ಟಗೆ ಮಾಡುತ್ತಾನೆ ಎಂಬ ಹೆಂಡತಿಯ ಗೇಲಿಯೂ ಇತ್ತು.

ಅವನ ಅತ್ತೆಗೆ ಎಪ್ಪತ್ತೊಂದು. ಮೂವತ್ತು ವರ್ಷಗಳಿಂದ ಭಾನುವಾರದ ಆರಾಧನೆಯಲ್ಲಿ ಸತ್ಯವೇದದ ಪಾಠ ಓದುತ್ತಿದ್ದವರು ಅವರೇ. ಎಡಗಣ್ಣು ಮೊದಲಿನಿಂದಲೂ ಮಬ್ಬು, ಓದೆಲ್ಲ ಬಲಗಣ್ಣಿನದು. ಆ ಕಣ್ಣಿಗೆ ಬೇಕಾದ ಲೆನ್ಸಿನ ಗುಣವಿರುವುದು ಅದನ್ನು ಕೂರಿಸುವ ಕೋನದಲ್ಲಿ. ಕೋನ ತಪ್ಪಿದರೆ ಅಕ್ಷರಗಳು ಒಂದರ ಮೇಲೊಂದು ಕೂರುತ್ತವೆ.

ಹಳೆಯ ಕನ್ನಡಕ ಮುರಿದಾಗ ಡಿಗ್ರಿಯೇ ಹೊಸದು ಮಾಡಿಕೊಟ್ಟ. ಮಾರನೆಯ ದಿನವೇ ಅತ್ತೆ ಕೇಳಿದರು, "ಅಕ್ಷರಕ್ಕೆಲ್ಲ ನೆರಳು ಬರ್ತಿದೆಯಲ್ಲ, ನೋಡ್ತೀರಾ?"

"ಹೊಸದಲ್ವಾ ಅತ್ತೆ, ಹದಿನೈದು ದಿನ ಹಾಕ್ಕೊಳ್ಳಿ. ಕಣ್ಣು ಒಗ್ಗುತ್ತೆ."

ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು. ಅತ್ತೆ ನಂಬಿದರು.

ಆ ಭಾನುವಾರದ ಪಾಠ, ಕುರಿಗಳಿಗೆ ಸಮೃದ್ಧಿಯಾದ ಜೀವ ಕೊಡಲು ಬಂದ ಕುರುಬನದು. ಅತ್ತೆ ಕಳ್ಳ ಬರುವ ಸಾಲನ್ನು ಎರಡು ಸಲ ಓದಿ, ಕುರುಬನ ಸಾಲನ್ನು ಬಿಟ್ಟೇಬಿಟ್ಟರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಎರಡು ತಿಂಗಳು ಹೀಗೇ ತಡವರಿಸಿ, ಕೊನೆಗೆ ತಾವೇ ಪಾಸ್ಟರಿಗೆ ಹೇಳಿದರು: "ವಯಸ್ಸಾಯ್ತು, ಬೇರೆಯವರ ಕೈಲಿ ಓದಿಸಿ."

ಮುಂದಿನ ತಿಂಗಳು ಕನ್ನಡಕದ ಸ್ಕ್ರೂ ಸಡಿಲವಾಯಿತು. ಅಂಗಡಿಗೆ ತಂದ ಡಿಗ್ರಿ ಅಭ್ಯಾಸಬಲದಿಂದ ಲೆನ್ಸನ್ನು ಅಳತೆಯ ಯಂತ್ರದಡಿ ಇಟ್ಟ. ನೂರ ಅರವತ್ತು. ಡಾಕ್ಟರ ಚೀಟಿಯಲ್ಲಿದ್ದ ಕೋನ ಇಪ್ಪತ್ತು ಡಿಗ್ರಿ. ಮೂರು ಸಲ ಅಳೆದ. ಲೆನ್ಸನ್ನು ಮಗುಚಿಟ್ಟು ಗುರುತು ಹಾಕಿದರೆ ಇಪ್ಪತ್ತು ನೂರ ಅರವತ್ತಾಗುತ್ತದೆ, ಕನ್ನಡಿಯಲ್ಲಿ ಎಡ ಬಲವಾದ ಹಾಗೆ. ಕೆಲಸ ಕಲಿಯುವವರು ಮೊದಲ ವಾರದಲ್ಲಿ ಮಾಡುವ ತಪ್ಪು.

ಸಂಜೆಯೊಳಗೆ ಬೇರೆ ಲೆನ್ಸ್ ಕೂರಿಸಿ ಕೊಟ್ಟ. "ಸ್ಕ್ರೂ ಬಿಗಿ ಮಾಡಿದೀನಿ ಅತ್ತೆ," ಎಂದ. ಅದು ಸುಳ್ಳಲ್ಲ, ಸ್ಕ್ರೂ ಬಿಗಿ ಮಾಡಿದ್ದ.

ಭಾನುವಾರ, ದೇವರು ತಮಗೆ ಮಾಡಿದ್ದನ್ನು ಸಭೆಯ ಮುಂದೆ ಸಾಕ್ಷಿ ಹೇಳುವ ಹೊತ್ತಿಗೆ ಅತ್ತೆ ಎದ್ದು ನಿಂತರು. "ಮೂರು ತಿಂಗಳು ಬೇಡಿಕೊಂಡೆ. ಗುರುವಾರ ಬೆಳಗ್ಗೆ ಪುಸ್ತಕ ತೆರೆದ್ರೆ ಅಕ್ಷರ ಎಲ್ಲ ಬಿಡಿಬಿಡಿಯಾಗಿ ನಿಂತಿದ್ವು. ದೇವರು ನನ್ನ ಕಣ್ಣು ವಾಪಸ್ ಕೊಟ್ಟ."

ಸಭೆಯೆಲ್ಲ ಸ್ತೋತ್ರ ಹೇಳಿತು. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಎಲ್ಲರೂ ಏಳುವಾಗ ಡಿಗ್ರಿ ಬೂಟಿನ ದಾರ ಕಟ್ಟುವವನಂತೆ ಬಗ್ಗಿ ಕುಳಿತ. ಅವನು ಹಾಕಿದ್ದು ಚಪ್ಪಲಿ.

ಹೇಳಿದರೆ ಅವರ ನಂಬಿಕೆ ಒಡೆದೀತು ಎಂದು ತನಗೆ ತಾನೇ ಕಾರಣ ಕೊಟ್ಟುಕೊಂಡ. ಒಡೆಯುವುದು ತನ್ನ ಹೆಸರು ಎಂದು ಗೊತ್ತಿತ್ತು. ದಿನವೂ ತಟ್ಟೆಯಲ್ಲಿ ಅರ್ಧ ಹಾಗೇ ಬಿಟ್ಟು ಏಳುತ್ತಿದ್ದ.

"ರೀ, ಶಿಲುಬೆ ಓರೆಯಾಗಿ ಎರಡು ದಿನ ಆಯ್ತು," ಎಂದಳು ಹೆಂಡತಿ.

"ಕಾಣಿಸಲಿಲ್ಲ."

"ಕನ್ನಡಕ ಮಾಡಿಸ್ಕೊಳ್ಳಿ ಹಾಗಾದ್ರೆ."

ಎರಡನೆಯ ವಾರ ಅತ್ತೆ ಮಧ್ಯಾಹ್ನದ ಊಟಕ್ಕೆ ಬಂದರು. ಮುಂದಿನ ಭಾನುವಾರದಿಂದ ಮತ್ತೆ ಪಾಠ ಅವರದೇ. ಬಡಿಸಿಕೊಳ್ಳುತ್ತಾ ಹೇಳಿದರು, "ನಮ್ಮ ಪಕ್ಕದ ಮನೆ ಹೊಲಿಗೆಯವಳಿಗೆ ಕಣ್ಣಲ್ಲಿ ಪ್ರೆಶರ್ ಇದೆಯಲ್ಲ, ಮೂರು ದಿನದಿಂದ ಡ್ರಾಪ್ಸ್ ಹಾಕೋದೇ ನಿಲ್ಲಿಸಿದಾಳೆ. 'ನಿಮಗೆ ಕಣ್ಣು ಕೊಟ್ಟ ದೇವರು ನಂಗೂ ಕೊಡ್ತಾನೆ' ಅಂತಾಳೆ ನನ್ನ ಹತ್ರ."

ಆ ಡ್ರಾಪ್ಸ್ ನಿಲ್ಲಿಸಿದರೆ ಕಣ್ಣೇ ಹೋದೀತೆಂದು ಗೊತ್ತಿದ್ದ ಡಿಗ್ರಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ.

"ಅತ್ತೆ, ನಿಮ್ಮ ಕಣ್ಣಿಗೆ ಏನೂ ಆಗಿರ್ಲಿಲ್ಲ. ನಾನು ಲೆನ್ಸ್ ತಪ್ಪು ಹಾಕಿದ್ದೆ. ಸ್ಕ್ರೂ ನೆಪದಲ್ಲಿ ನಾನೇ ಬದಲಾಯಿಸಿದೆ."

ಅತ್ತೆ ಕನ್ನಡಕ ತೆಗೆದರು, ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು.

"ಅಂದ್ರೆ ಸಭೆ ಮುಂದೆ ನಾನು ಸುಳ್ಳು ಸಾಕ್ಷಿ ಹೇಳಿದೆ."

"ತಪ್ಪು ನಂದು."

"ನಿಂದೇ. ಮತ್ತೆ ಯಾರ್ದು?" ಅವರು ಅವನ ತಟ್ಟೆ ನೋಡಿದರು. "ಸೊರಗಿ ಕಡ್ಡಿಯಾಗಿದೀಯ. ಇದನ್ನ ಹೊಟ್ಟೇಲಿಟ್ಕೊಂಡು ಬದುಕಿದ್ದೂ ಒಂದು ಬದುಕೇನೋ?"

ನೀರು ಬಗ್ಗಿಸುತ್ತಿದ್ದ ಹೆಂಡತಿಯ ಕೈ ನಿಂತಿತು. ಇಪ್ಪತ್ತೆರಡು ವರ್ಷಗಳಲ್ಲಿ ಅಮ್ಮ ಅಳಿಯನನ್ನು 'ನೀವು' ಎಂದೇ ಮಾತಾಡಿಸಿದ್ದರು. 'ನೀನು' ಎನ್ನುತ್ತಿದ್ದದ್ದು ಹೊಟ್ಟೆಯಲ್ಲಿ ಹುಟ್ಟಿದವರಿಗೆ ಮಾತ್ರ.

"ಭಾನುವಾರ ನಾನು ಪಾಠ ಓದಿದ ಮೇಲೆ ನೀನು ಎದ್ದು ನಿಂತು ಹೇಳ್ಬೇಕು."

"ಅಷ್ಟು ಜನರ ಮುಂದೆ ಹೇಗೆ ಅತ್ತೆ..."

"ಕಳ್ಳನ ಸಾಲು ನಾನು ಎರಡು ಸಲ ಓದ್ಲಿಲ್ವಾ, ಅಷ್ಟೇ ಜನರ ಮುಂದೆ?"

ಅತ್ತೆ ಕೈ ತೊಳೆದು ಬಂದರು. "ಏಳು. ಈಗಲೇ ಅವಳ ಮನೆಗೆ ಹೋಗೋಣ."

ಬಾಗಿಲ ಬಳಿ ಚಪ್ಪಲಿ ಮೆಟ್ಟುವಾಗ ಗೋಡೆಯ ಶಿಲುಬೆ ಓರೆಯಾಗಿರುವುದು ಅವನಿಗೆ ಕಂಡಿತು. ಕೈ ತಾನಾಗಿ ಮೇಲೆ ಹೋಯಿತು.

"ಅದು ಆಮೇಲೆ," ಎಂದರು ಅತ್ತೆ. "ಮೊದಲು ಅವಳ ಕಣ್ಣು."