ಬನ್ನಣ್ಣ ಲ್ಯಾಪ್‌ಟಾಪ್ ಕೊಂಡದ್ದು

ಬೇಕರಿಯ ಓವನ್ ಮುಂದೆ ಇಪ್ಪತ್ತೆರಡು ವರ್ಷ ನಿಂತವನಿಗೆ ಬಿಸಿಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಿಲ್ಲ. ಎಲ್ಲರೂ ಬನ್ನಣ್ಣ ಎಂದೇ ಕರೆಯುವ ಈತ ಓವನ್ ಬಾಗಿಲ ಹತ್ತಿರ ಅಂಗೈ ಹಿಡಿದು "ಇನ್ನೆರಡು ನಿಮಿಷ" ಎಂದರೆ ಎರಡೇ ನಿಮಿಷ, ಗಡಿಯಾರವೇ ತಪ್ಪಬೇಕು.

ಇಂಥವನಿಗೆ ಇದ್ದದ್ದು ಒಂದೇ ಚಟ, ಲ್ಯಾಪ್‌ಟಾಪಿನಲ್ಲಿ ಕಾರ್ ರೇಸಿನ ಆಟ. ನಸುಕಿನಲ್ಲೇ ಕೆಲಸಕ್ಕೆ ಹೋದವನು ಮಧ್ಯಾಹ್ನ ಮನೆಗೆ ಬರುತ್ತಾನೆ. ಹೆಂಡತಿ ಸಂಜೆ ಟ್ಯೂಷನ್ ಹೇಳಲು ಹೊರಡುತ್ತಾಳೆ. ನಡುವಿನ ಎರಡು ಗಂಟೆ ಇಬ್ಬರೂ ಒಂದೇ ಮೇಜಿನ ಎದುರುಬದುರು: ಅವಳು ಉತ್ತರಪತ್ರಿಕೆ ತಿದ್ದುತ್ತಾಳೆ, ಇವನು ಕಾರು ಓಡಿಸುತ್ತಾನೆ. ಇಡೀ ದಿನದಲ್ಲಿ ಅವನಿಗೆ ಅದಕ್ಕಿಂತ ಸುಖದ ಹೊತ್ತಿಲ್ಲ. ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಾಗ ಅವಳು ಹೊಸದಕ್ಕೆ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು.

"ಸದ್ದು ಮಾಡಬಾರದು. ಮಾಡಿದ್ರೆ ನೀವು ಒಳಗಿನ ಕೋಣೇಲಿ ಕೂತ್ಕೊಂಡು ಆಡಿ."

ಅಂಗಡಿಯಲ್ಲಿ ಅಳೆದೂ ಸುರಿದೂ ಎರಡನ್ನು ಮುಂದಿಟ್ಟುಕೊಂಡ. ತೆಳ್ಳಗಿನದು ಬಾಯಿಲ್ಲದ ಪ್ರಾಣಿ, ಆದರೆ ಅರ್ಧ ಗಂಟೆ ಆಡುವಷ್ಟರಲ್ಲಿ ಕಾದು ತೆವಳತೊಡಗಿತು. ದಪ್ಪನೆಯದು ಕುದುರೆಯ ಹಾಗೆ ಓಡಿತು. ಅಂಗೈ ಇಟ್ಟು ನೋಡಿದ, ತಣ್ಣಗಿತ್ತು.

"ಇದರ ಫ್ಯಾನ್ ಸ್ವಲ್ಪ ಜೋರು ಸಾರ್," ಎಂದಳು ಅಂಗಡಿಯಾಕೆ.

ಬನ್ನಣ್ಣ ಬಗ್ಗಿ ಕಿವಿಯೊಡ್ಡಿದ. "ಎಲ್ಲಿ ಜೋರು? ನಂಗೇನೂ ಕೇಳಿಸ್ತಿಲ್ವಲ್ಲ!"

ಅಂಗೈಯ ಮೇಲಿದ್ದ ಜಂಬ ಅವನಿಗೆ ಕಿವಿಯ ಮೇಲೂ ಇತ್ತು. ದಪ್ಪನೆಯದನ್ನೇ ಕೊಂಡು ತಂದ.

ಮರುದಿನ ಆಟ ಶುರುವಾಗಿ ಐದು ನಿಮಿಷಕ್ಕೆ ಹೆಂಡತಿ ಪೆನ್ನು ಕೆಳಗಿಟ್ಟಳು. "ರೀ, ಇದೇನು ಮಿಕ್ಸಿ ಹಾಕಿದ ಹಾಗೆ?"

"ಯಾವ ಮಿಕ್ಸಿ ಕಣೇ? ಸೂಜಿ ಬಿದ್ರೂ ಕೇಳಿಸೋ ಹಾಗಿದೆ!"

ಅವಳು ಅವನ ಕೈ ಹಿಡಿದು ಮೇಜಿನ ಮೇಲಿಟ್ಟಳು. ಹಲಗೆ ನಡುಗುತ್ತಿತ್ತು. ಕೈಗೆ ಗೊತ್ತಾದದ್ದು ಕಿವಿಗೆ ಗೊತ್ತಾಗಿರಲಿಲ್ಲ. ಹಿಟ್ಟು ನಾದುವ ಯಂತ್ರದ ಪಕ್ಕ ಕಳೆದ ಅಷ್ಟೂ ವರ್ಷಗಳು ಕಿವಿಯನ್ನು ಸ್ವಲ್ಪಸ್ವಲ್ಪವೇ ತಿಂದುಹಾಕಿದ್ದವು. ಬನ್ನಣ್ಣನ ಮುಖ ಬಾಡಿತು. ಎದ್ದು ಲ್ಯಾಪ್‌ಟಾಪ್ ಎತ್ತಿಕೊಂಡ.

"ಮಾತು ಅಂದ್ರೆ ಮಾತು. ಕೋಣೆಗೆ ಹೋಗ್ತೀನಿ."

"ಸುಮ್ನೆ ಕೂತ್ಕೊಳ್ಳಿ. ಸದ್ದು ಇಳಿಸೋಕೆ ಏನಾದ್ರೂ ಇರಬೇಕು, ಹುಡುಕಿ."

ಇತ್ತು, ಫ್ಯಾನಿನ ವೇಗವನ್ನು ಮೂರು ಮಟ್ಟದಲ್ಲಿ ಇಳಿಸಬಹುದಿತ್ತು. ಕೇಳುವ ಕೆಲಸ ಅವಳದು, ಮುಟ್ಟಿ ನೋಡುವ ಕೆಲಸ ಇವನದು. ಕೊನೆಯ ಮಟ್ಟಕ್ಕೆ ಬಂದಾಗ ಕೀಬೋರ್ಡ್ ಬಿಸಿಯಾಯಿತು. ಓವನ್ ಕಂಡ ಕೈಗೆ ಅದು ಯಾವ ಲೆಕ್ಕ? ಕಾರು ಮಾತ್ರ ತಿರುವುಗಳಲ್ಲಿ ತಡವರಿಸಿತು, ಬನ್ನಣ್ಣ ಹನ್ನೊಂದನೆಯವನಾಗಿ ಬಂದ. "ಈಗ ಸರಿಹೋಯ್ತು," ಎಂದು ಅವಳು ಪೆನ್ನು ಕೈಗೆತ್ತಿಕೊಂಡಳು. ಸೋತವನಿಗೆ ಗೆದ್ದಷ್ಟೇ ಖುಷಿಯಾಯಿತು.

ಆದರೂ ಒಂದು ವಿಷಯ ಒಳಗೇ ಕೊರೆಯುತ್ತಿತ್ತು.

"ನನ್ನ ಕಿವಿ ಹೀಗಾಗಿದೆ ಅಂತ ನಿಂಗೆ ಗೊತ್ತಿತ್ತಾ?"

"ಇಷ್ಟು ಅಂತ ಗೊತ್ತಿರ್ಲಿಲ್ಲ. ಸ್ವಲ್ಪ ಮಂದ ಅಂತ ಗೊತ್ತಿತ್ತು. ಅದಕ್ಕೇ ತಾನೇ ಎರಡು ವರ್ಷದಿಂದ ನಿಮ್ಹತ್ರ ಗಂಟಲು ಹರ್ಕೊಂಡು ಮಾತಾಡ್ತಿರೋದು!"

ಬನ್ನಣ್ಣ ಆಟ ನಿಲ್ಲಿಸಿದ. ಹೆಂಡತಿಗೆ ತನ್ನನ್ನು ಕಂಡರೆ ಬೇಸರ ಬಂದಿದೆ, ಅದಕ್ಕೇ ಮಾತುಮಾತಿಗೂ ರೇಗುತ್ತಾಳೆ ಎಂದುಕೊಂಡು ಅವನು ಎರಡು ವರ್ಷದಿಂದ ಎಲ್ಲವನ್ನೂ ನುಂಗಿಕೊಂಡಿದ್ದ.