ತಿಪ್ಪಕ್ಕ ಕೊಟ್ಟ ಸ್ಯಾಂಪಲ್

ತಿಪ್ಪಕ್ಕ ನೀರು ಕುಡಿಯುವ ಮುಂಚೆ ಮೂಸುತ್ತಿದ್ದಳು. ನೆಂಟರ ಮನೆಯಾಗಲಿ, ಮದುವೆ ಪಂಕ್ತಿಯಾಗಲಿ, ಲೋಟವನ್ನು ಮೂಗಿಗೆ ಹಿಡಿದು ಉಸಿರೆಳೆದ ಮೇಲೆಯೇ ಬಾಯಿಗೆ. ಕೊಟ್ಟವರ ಮುಖ ಸಣ್ಣಗಾದರೆ, "ನಿಮ್ಮ ಮ್ಯಾಲೆ ಅನುಮಾನ ಅಲ್ಲಮ್ಮ, ನಮ್ಮ ಬಾವಿ ಕಲಿಸಿದ ಬುದ್ಧಿ" ಅನ್ನುತ್ತಿದ್ದಳು.

ಮೊಳಕಾಲ್ಮೂರಿನಲ್ಲಿ ಆಕೆಯದು ನಮ್ಮ ಪಕ್ಕದ ಮನೆ. ನೇಕಾರ ಗಂಡ ತೀರಿಕೊಂಡ ಮೇಲೆ ರೇಷ್ಮೆ ನೂಲು ಸುತ್ತಿ ಬದುಕುತ್ತಿದ್ದಳು. ಓಣಿಯ ಬಾವಿಯ ಮೇಲ್ಗಡೆ ನೂಲಿಗೆ ಬಣ್ಣ ಹಾಕುವ ಮನೆಯಿತ್ತು. ಅದರ ಕೊಳೆ ನೀರು ಒಂದು ದಿನ ಗಿಣಿಹಸಿರು, ಒಂದು ದಿನ ಕುಂಕುಮದ ಕೆಂಪು, ಹರಿದು ಬಂದು ಬಾವಿಯ ಪಕ್ಕದಲ್ಲೇ ಇಂಗುತ್ತಿತ್ತು. ಬಾವಿಯ ನೀರು ಸ್ವಲ್ಪ ಕದಡಿದಂತಿದ್ದು ಒಂಥರಾ ಘಾಟು ಹೊಡೆಯುತ್ತಿತ್ತು.

ಒಮ್ಮೆ ಆ ಬಣ್ಣದ ಮನೆಯ ಯಜಮಾನ ನೂಲು ಕೇಳಿಕೊಂಡು ಬಂದಾಗ ಈಕೆ ಚೊಂಬು ತುಂಬಾ ಬಾವಿ ನೀರು ತಂದಿಟ್ಟಳು. "ಕುಡೀರಿ ಸಾವ್ಕಾರ್ರೇ, ನಿಮ್ಮನೆ ಪ್ರಸಾದ!" ಬಾಯಿಬಿಟ್ಟರೆ ಬಣ್ಣಗೇಡು ಎಂದು ಆತ ತೆಪ್ಪಗೆ ಎದ್ದುಹೋದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಆ ಕೊಳೆ ನೀರನ್ನು ನಿಲ್ಲಿಸಬೇಕೆಂದು ಆಕೆ ನನ್ನಿಂದ ಅರ್ಜಿ ಬರೆಸಿದಳು. ಪಟ್ಟಣ ಪಂಚಾಯಿತಿ ಕಚೇರಿಯಲ್ಲಿದ್ದ ಅಧಿಕಾರಿ, "ಮೂಗು ಸಾಕ್ಷಿ ಆಗಲ್ಲಮ್ಮ, ಲ್ಯಾಬ್ ರಿಪೋರ್ಟ್ ಬೇಕು" ಎಂದರು. ಜಗಳಕ್ಕೆ ನಿಲ್ಲುತ್ತಾಳೆಂದು ನಾನು ಹೆದರಿದ್ದರೆ, ಆಕೆಗೆ ಆ ಮಾತು ಹಿಡಿಸಿಬಿಟ್ಟಿತು. "ಸರಿಯಾಗೇ ಹೇಳಿದ್ರು. ನನ್ನ ಮೂಗಿಗೆ ನೆಗಡಿ ಆಗ್ತೈತೆ, ಮಿಷನ್ನಿಗೆ ಆಗ್ತೈತಾ?"

ನಾನು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಕೆಲಸಕ್ಕೆ ಹೋಗಿದ್ದಾಗ ಕಚೇರಿಯವನೊಬ್ಬ ಬಂದು ಖಾಲಿ ಬಾಟಲಿ ಕೊಟ್ಟು, "ಸ್ಯಾಂಪಲ್ ತುಂಬಿಡಿ" ಎಂದು ಹೇಳಿ, ಮಾರನೆಯ ದಿನ ಒಯ್ದನಂತೆ. ಬಾವಿಗೆ ಬಗ್ಗಿ ನೋಡುವಷ್ಟು ಪುರುಸೊತ್ತೂ ಆ ಪುಣ್ಯಾತ್ಮನಿಗೆ ಇರಲಿಲ್ಲ. ಆಮೇಲೆ ರಿಪೋರ್ಟ್ ಬಂತು: ನೀರು ಕುಡಿಯಲು ಯೋಗ್ಯ.

ನಾನು ಕುದಿದುಹೋದೆ. ಆಕೆ ಕುದಿಯಲಿಲ್ಲ. ಅಂದಿನಿಂದ ಮೂಸುವುದನ್ನೇ ಬಿಟ್ಟಳು. "ನಂದೇ ತಪ್ಪು ನಾಯ್ನಾ, ಸುಮ್ನೆ ಒಬ್ಬರ ಮ್ಯಾಲೆ ದೂರು ಹೇಳ್ದೆ" ಎಂದು ನೊಂದುಕೊಂಡಳು. ಆಕೆಯ ಮಾತು ಕೇಳಿ ದೂರದ ಕೊಳಾಯಿಗೆ ಹೋಗುತ್ತಿದ್ದ ಹೆಂಗಸರನ್ನು ತಾನೇ ವಾಪಸು ಬಾವಿಗೆ ಕರೆತಂದಳು. ಆಕೆ ಆ ನೀರನ್ನು ಗಟಗಟ ಕುಡಿಯುವಾಗ ನನಗೆ ನೋಡಲಾಗುತ್ತಿರಲಿಲ್ಲ.

ವರ್ಷ ಕಳೆಯುವುದರೊಳಗೆ ಆಕೆಯ ಮುಖ, ಕಾಲು ಊದಿಕೊಂಡವು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಕಿಡ್ನಿ ಹೋಗಿದೆ ಎಂದರು. ಯಾತರಿಂದ ಎಂದು ಕೇಳಿದರೆ, "ಹಾಗೆಲ್ಲ ಹೇಳೋಕಾಗಲ್ಲ" ಎಂದರು ಡಾಕ್ಟರು. ಮಿಲ್ಲು ಹತ್ತಿರವೇ ಇದ್ದುದರಿಂದ ನಾನು ಹೋಗಿ ಬಂದು ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಮಾತಿಗೆ ಮಾತು ಬಂದು ಕೇಳಿದೆ: "ಅವತ್ತು ಬಾಟ್ಲಿಗೆ ಹೆಂಗೆ ತುಂಬಿದ್ರಿ, ತಿಪ್ಪಕ್ಕ?"

"ಹೆಂಗಂದ್ರೆ? ಬಾವಿ ನೀರನ್ನೇ ಮಡಿಚಿದ ಬಟ್ಟೇಲಿ ಸೋಸಿ, ಪಟಿಕ ಆಡಿಸಿ ಇಟ್ಟೆ. ಬೆಳಿಗ್ಗೆ ಮ್ಯಾಲಿನ ತಿಳಿ ತುಂಬಿ ಕೊಟ್ಟೆ." ಊದಿದ ಮುಖದಲ್ಲೂ ಒಂದು ಹೆಮ್ಮೆ. "ಸ್ಯಾಂಪಲ್ ಅಂದ್ರಲ್ಲ! ವ್ಯಾಪಾರಸ್ಥ ಸ್ಯಾಂಪಲ್ ಕೇಳಿದ್ರೆ ಗಂಟು ಬಿದ್ದ ಸೀರೆ ತೋರಿಸ್ತೀವಾ? ಇರೋದ್ರಾಗೆ ಒಳ್ಳೇದು ತೋರಿಸ್ತೀವಿ. ವಿಷ ಇದ್ರೆ ತಿಳಿ ನೀರಾಗೂ ಮಿಷನ್ನಿಗೆ ಸಿಗ್ತಿತ್ತು ಬಿಡು."

ಪಟಿಕಕ್ಕೆ ಎಷ್ಟು ಇಳಿಯಿತೋ, ಎಷ್ಟು ಉಳಿಯಿತೋ ನಾನರಿಯೆ. ಲ್ಯಾಬಿಗೆ ಹೋದದ್ದು ಮಾತ್ರ ನಮ್ಮ ಓಣಿ ಕುಡಿಯುವ ನೀರಲ್ಲ. ಆಕೆಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಹೊರಗೆ ಬಂದು ಅತ್ತೆ.

ಕಚೇರಿಗೆ ಹೋಗಿ ಹೇಳಿದರೆ, "ಸ್ಯಾಂಪಲ್ ಕೊಟ್ಟವರೇ ಬಂದು ಹೇಳಲಿ" ಎಂದರು. ಅಷ್ಟರಲ್ಲಿ ತಿಪ್ಪಕ್ಕನ ಮಣ್ಣು ಮುಗಿದಿತ್ತು.

ಈಗ ಬಾವಿಯ ಹತ್ತಿರ ನಿಂತು ಬೇಡವೆಂದು ನಾನೇ ಹೇಳುತ್ತೇನೆ. ಮೊನ್ನೆ ಎದುರು ಮನೆಯ ಓಬಕ್ಕ ಕೊಡ ಸೊಂಟಕ್ಕೇರಿಸಿಕೊಂಡು ನಕ್ಕಳು.

"ತಿಪ್ಪಕ್ಕ ಪರೀಕ್ಷೆ ಮಾಡಿಸಿದ ನೀರಣ್ಣ ಇದು. ನಿನ್ನ ಹತ್ರ ಐತಾ ರಿಪೋರ್ಟು?"